ಸೆಕೆಂಡ್ ಶೂಟರ್ ತೆಗೆದ ಮದುವೆ ಫೋಟೋ ಯಾರದು?

ಪ್ರಶ್ನೆ: ಸರ್, ನಾನು ಒಂದು ಸ್ಟುಡಿಯೋಗೆ ದಿನದ ಲೆಕ್ಕದಲ್ಲಿ ಸೆಕೆಂಡ್ ಶೂಟರ್ ಆಗಿ, ಅಂದ್ರೆ ಮುಖ್ಯ ಫೋಟೋಗ್ರಾಫರ್ ಜೊತೆ ಎರಡನೇ ಕ್ಯಾಮೆರಾ ಹಿಡಿಯೋಕೆ ಹೋಗ್ತೀನಿ. ಮೊನ್ನೆ ಧಾರೆ ಹೊತ್ತಲ್ಲಿ ಅಕ್ಷತೆ ತಲೆ ಮೇಲೆ ಬೀಳ್ತಿದ್ದಂಗೆ ಮದುಮಗಳು ಕಣ್ಣು ಮುಚ್ಚಿದ ಫ್ರೇಮ್ ನನಗೊಬ್ಬನಿಗೇ ಸಿಕ್ಕಿದ್ದು. ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದಕ್ಕೆ ಓನರ್ ಕೂಗಾಡಿದ್ರು. ಕ್ಯಾಮೆರಾ ನಂದು, ಲೆನ್ಸ್ ನಂದು. ಫೋಟೋ ನಂದಲ್ವಾ?

ಉತ್ತರ: ಫ್ರೇಮ್ ಚೆನ್ನಾಗಿದ್ದಿರಬೇಕು, ಅದಕ್ಕೇ ಇಷ್ಟು ಸಿಟ್ಟು! ಆದ್ರೆ ಫೋಟೋ ನಿಮ್ಮದಲ್ಲ. ಕ್ಯಾಮೆರಾ ಯಾರದು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ ತೆಗೆಸಿದವರೇ ಮೊದಲ ಮಾಲೀಕರು, ಬೇರೆ ಒಪ್ಪಂದ ಇಲ್ಲದಿದ್ರೆ. ಅಂದ್ರೆ ಕೂಗಾಡಿದ ನಿಮ್ಮ ಓನರ್‌ದೂ ಅಲ್ಲ, ಮದುವೆ ಮನೆಯವರದು! ಸ್ಟುಡಿಯೋ ಪೇಜಿಗೆ ಹಾಕೋಕೂ ಅವರ ಒಪ್ಪಿಗೆ ಬೇಕು. ನಮ್ಮಲ್ಲಿ ಅಡ್ವಾನ್ಸ್ ಎಷ್ಟು, ಆಲ್ಬಮ್ ಎಷ್ಟು ಶೀಟು, ಡ್ರೋನ್ ಇದೆಯಾ ಅಂತ ಚೌಕಾಸಿ ನಡೆಯುತ್ತೆ, ಈ ಮಾತನ್ನ ಯಾರೂ ಎತ್ತಲ್ಲ.

ನಿಮಗೆ ಉಳಿಯೋದು 57ನೇ ಕಲಂ. ಹಕ್ಕು ಯಾರ ಕೈಲಿದ್ರೂ "ಇದನ್ನ ತೆಗೆದವನು ನಾನು" ಅಂತ ಹೇಳಿಕೊಳ್ಳೋದನ್ನ ಯಾರೂ ಕಿತ್ತುಕೊಳ್ಳೋ ಹಾಗಿಲ್ಲ. ಹಾಗಂತ ಊರಿಗೆಲ್ಲ ತೋರಿಸೋ ಹಕ್ಕು ಅದರ ಜೊತೆ ಬರಲ್ಲ.

ಈಗ ಪೋಸ್ಟ್ ತೆಗೆದುಬಿಡಿ. ಮುಂದಿನ ಆರ್ಡರ್ ಒಪ್ಪಿಕೊಳ್ಳೋ ಮುಂಚೆ ಓನರ್‌ಗೆ ವಾಟ್ಸಾಪ್‌ನಲ್ಲಿ ಬರೆದು ಕೇಳಿ: "ಪಾರ್ಟಿಯವರು ಒಪ್ಪಿದ್ರೆ, ನಿಮ್ಮ ಆಲ್ಬಮ್ ಡೆಲಿವರಿ ಆದ ಮೇಲೆ, ನಾನು ತೆಗೆದಿದ್ದರಲ್ಲಿ ಐದಾರು ಫೋಟೋ ನನ್ನ ಪೇಜಿಗೆ ಹಾಕಬಹುದಾ? ಸ್ಟುಡಿಯೋ ಹೆಸರು ಹಾಕ್ತೀನಿ." ಕೇಳಿದ್ರೆ ಬಹಳ ಜನ ಹೂಂ ಅಂತಾರೆ. ಹಾಕುವಾಗ ಸೆಕೆಂಡ್ ಶೂಟರ್ ಅಂತ ಸ್ಪಷ್ಟವಾಗಿ ಬರೀರಿ. ಇಡೀ ಮದುವೆ ನೀವೇ ಮಾಡಿದ್ದು ಅನ್ನೋ ಥರ ಪೇಜ್ ತುಂಬಿಸಿ ಅದನ್ನೇ ತೋರಿಸಿ ಆರ್ಡರ್ ಹಿಡಿಯೋದಿದೆಯಲ್ಲ, ನನ್ನ ಲೆಕ್ಕದಲ್ಲಿ ಅದು ಮೋಸ. ಮಕ್ಕಳ ಫೋಟೋ, ಮದುಮಗಳ ರೂಮಲ್ಲಿ ಮೇಕಪ್ ಹೊತ್ತಲ್ಲಿ ತೆಗೆದಿದ್ದು ಇವನ್ನ ಮನೆಯವರನ್ನ ಬೇರೆಯಾಗಿ ಕೇಳದೆ ಮುಟ್ಟಬೇಡಿ.

ಇನ್ನೊಬ್ಬರು: ಮದುಮಗಳೇ ಹಾಕಿ ನಮ್ಮನ್ನ ಟ್ಯಾಗ್ ಮಾಡಿದ್ರೆ?

ಉತ್ತರ: ಅವರ ಪೋಸ್ಟ್‌ನ್ನೇ ಶೇರ್ ಮಾಡಿ. ನಿಮ್ಮ ಹತ್ರ ಇರೋ ಫೈಲ್ ಬೇಡ. ನಾಳೆ ಅವರು ಡಿಲೀಟ್ ಮಾಡಿದ್ರೆ ನಿಮ್ಮಲ್ಲೂ ಹೋಗಬೇಕು. ಮದುವೆ ಮುರಿದವರ ಫೋಟೋ ಇನ್ನೂ ಜಾಹೀರಾತಾಗಿ ಓಡ್ತಿರೋದನ್ನ ನೋಡಿದೀನಿ, ಆ ಹುಡುಗಿ ಪಾಡು ಯೋಚಿಸಿ.

ಮೊದಲು ಕೇಳಿದವರು: ಪೋಸ್ಟ್ ತೆಗೆದೆ ಸರ್. ಇನ್ನೊಂದು, ಅದೇ ಮದುವೆಲಿ ಹುಡುಗನ ಅಕ್ಕ ನನ್ನ ನಂಬರ್ ಇಸ್ಕೊಂಡ್ರು, ಮಗು ನಾಮಕರಣ ಇದೆಯಂತೆ. ಒಪ್ಪಿಕೊಳ್ಳಲಾ?

ಉತ್ತರ: ಆ ಮನೆಗೆ ನೀವು ಹೋಗಿದ್ದು ಸ್ಟುಡಿಯೋ ಹೆಸರಲ್ಲಿ. ಓನರ್‌ಗೆ ಮೊದಲು ಫೋನ್ ಮಾಡಿ, "ಇವರು ಕೇಳಿದಾರೆ, ನೀವು ಮಾಡ್ತೀರಾ, ನಾನು ಮಾಡಲಾ?" ಅನ್ನಿ. ಚಿಕ್ಕ ಕೆಲಸ, ನಿಮಗೇ ಬಿಟ್ಟುಕೊಟ್ಟರೂ ಕೊಟ್ಟರು.