ಬಿಡದ ಜ್ವರ, ಕಾಲುನೋವು: ಮಗುವಿನ ರಕ್ತ ಪರೀಕ್ಷೆ ಯಾವಾಗ, ಹೇಗೆ?

ಪ್ರಶ್ನೆ (ರಾಣೆಬೆನ್ನೂರಿನ ತಾಯಿ): ನಾಲ್ಕು ವರ್ಷದ ಮಗನಿಗೆ ಮೂರು ವಾರದಿಂದ ಬಿಟ್ಟು ಬಿಟ್ಟು ಜ್ವರ ಬರುತ್ತಿದೆ. ಟೈಫಾಯ್ಡ್ ಎಂದು ಎರಡು ಸಲ ಆ್ಯಂಟಿಬಯಾಟಿಕ್ ಕೊಟ್ಟರು. ಕಾಲು ನೋಯುತ್ತದೆ ಎಂದು ಎತ್ತಿಕೊಳ್ಳಲು ಹಟ ಮಾಡುತ್ತಾನೆ, ಮುಖ ಬಿಳಿಚಿಕೊಂಡಿದೆ. ಇನ್ನೂ ಕಾಯಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಚಿತ್ರದುರ್ಗದ ತಂದೆ): ಕಾಯಬೇಡಿ ತಾಯಿ, ನಾಳೆಯೇ ಮಕ್ಕಳ ತಜ್ಞರಿಗೆ ತೋರಿಸಿ. ನಿಮ್ಮ ಮಗನಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದೆ ಎಂದು ನಾನು ಹೇಳುತ್ತಿಲ್ಲ. ಇಂಥ ಜ್ವರಗಳಲ್ಲಿ ಹೆಚ್ಚಿನವು ಬೇರೆ ಕಾರಣದವೇ ಆಗಿರುತ್ತವೆ. ನಮ್ಮ ಮಗಳಿಗೆ ಜ್ವರ ಬಂದದ್ದು ಡೆಂಗಿಯ ಕಾಲದಲ್ಲಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿದ್ದರಿಂದ ಊರಿನ ಆಸ್ಪತ್ರೆಯವರು ಡೆಂಗಿ ಎಂದೇ ನಂಬಿದರು. ಆದರೆ ಡೆಂಗಿಯಲ್ಲಿ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ಪ್ಲೇಟ್‌ಲೆಟ್ ಮತ್ತೆ ಏರತೊಡಗುತ್ತದೆ; ಇವಳಿಗೆ ಏರಲಿಲ್ಲ, ಜೊತೆಗೆ ಹಿಮೋಗ್ಲೋಬಿನ್ ಕೂಡ ಇಳಿಯುತ್ತಾ ಹೋಯಿತು. ಕಣಕಾಲಿನ ಮೇಲೆ, ಕಾಲುಚೀಲದ ಅಂಚು ಒತ್ತುವ ಕಡೆ, ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದವು. ಸೊಳ್ಳೆ ಕಚ್ಚಿರಬೇಕು ಎಂದರು ಅಜ್ಜಿ. ಗಾಜಿನ ಲೋಟದಿಂದ ಒತ್ತಿದರೂ ಅವು ಮಾಸಲಿಲ್ಲ, ಏಕೆಂದರೆ ಅದು ಚರ್ಮದೊಳಗೇ ಜಿನುಗಿದ ರಕ್ತ. ಕೊನೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಸ್ಥಿಮಜ್ಜೆಯ ಪರೀಕ್ಷೆ ಮಾಡಿ, ಮಕ್ಕಳ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ಖಚಿತಪಡಿಸಿದರು. ದಿನವಿಡೀ ಜ್ವರದ ಮಕ್ಕಳನ್ನೇ ನೋಡುವ ವೈದ್ಯರಿಗೆ ಈ ಅಪರೂಪದ ಕಾಯಿಲೆ ಮೊದಲಿಗೆ ಹೊಳೆಯದಿದ್ದರೆ ನಾನು ದೂರುವುದಿಲ್ಲ. ಎರಡನೆಯ ರಿಪೋರ್ಟ್ ಕೈಯಲ್ಲಿದ್ದೂ ಮೊದಲನೆಯದರ ಜೊತೆ ಹೋಲಿಸಿ ನೋಡದೇ ಇದ್ದದ್ದು ಮಾತ್ರ ಇಂದಿಗೂ ಬೇಸರದ ಸಂಗತಿ.

ಉತ್ತರ (ಹುಬ್ಬಳ್ಳಿಯ ಲ್ಯಾಬ್ ತಂತ್ರಜ್ಞೆ): ಸಿಬಿಸಿ (ರಕ್ತಕಣಗಳ ಎಣಿಕೆ) ಬರೆಸುವಾಗ 'ಪೆರಿಫೆರಲ್ ಸ್ಮಿಯರ್ ಕೂಡ ಬೇಕು, ಪೆಥಾಲಜಿಸ್ಟ್ ನೋಡಲಿ' ಎಂದು ಕೇಳಿರಿ. ಯಂತ್ರವು ಕಣಗಳನ್ನು ಎಣಿಸುತ್ತದೆಯಾದರೂ ಎಳೆಯ ಕ್ಯಾನ್ಸರ್ ಕಣಗಳನ್ನು ಕೆಲವೊಮ್ಮೆ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಗಾಜಿನ ಮೇಲೆ ಸವರಿ ಬಣ್ಣ ಹಾಕಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಆರಂಭದಲ್ಲಿ ರಕ್ತ ಸಹಜವಾಗಿಯೇ ಕಾಣಬಹುದು, ಆದ್ದರಿಂದ ಲಕ್ಷಣಗಳು ಮುಂದುವರಿದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಒಂದೇ ಒಂದು ವಿಡಾಲ್ ಪರೀಕ್ಷೆಯನ್ನು ನಂಬಿ ಟೈಫಾಯ್ಡ್ ಎಂದು ತೀರ್ಮಾನಿಸುವುದೂ ಸರಿಯಲ್ಲ.

ಉತ್ತರ (ಮೈಸೂರಿನ ತಾಯಿ): ಮೇಲಿನವರು ಹೇಳದ ಒಂದು ವಿಷಯವಿದೆ. ನನ್ನ ಮಗನ ಮಂಡಿ ಊದಿದ್ದರಿಂದ ಸಂಧಿವಾತವೆಂದು ಸ್ಟಿರಾಯ್ಡ್ ಕೊಟ್ಟರು; ನೋವು, ಜ್ವರ ಎರಡೂ ಮಾಯವಾದವು, ಕೆಲವು ವಾರಗಳ ನಂತರ ಮರಳಿದವು; ಕೊನೆಗೆ ಅದು ಲ್ಯುಕೇಮಿಯಾ ಎಂದು ತಿಳಿಯಿತು. ಸ್ಟಿರಾಯ್ಡ್ ಲ್ಯುಕೇಮಿಯಾ ಚಿಕಿತ್ಸೆಯಲ್ಲೇ ಬಳಸುವ ಔಷಧವಾದ್ದರಿಂದ ಕಾಯಿಲೆಯನ್ನು ತಾತ್ಕಾಲಿಕವಾಗಿ ಮರೆಮಾಡುತ್ತದೆ, ಕಾಯಿಲೆಯ ಪತ್ತೆಯನ್ನು ಕಷ್ಟವಾಗಿಸುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಬರೆದರೆ, 'ಸ್ಮಿಯರ್ ನೋಡಿಯಾಯಿತೇ ಡಾಕ್ಟರೇ' ಎಂದು ಸಂಕೋಚವಿಲ್ಲದೆ ಕೇಳಿರಿ. ಈಗಾಗಲೇ ಕೊಟ್ಟಿದ್ದರೆ ಹೊಸ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ. ಹಳೆಯ ಚೀಟಿ, ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಖರ್ಚಿಗೆ ಹೆದರಿ ತಡಮಾಡುವುದು ಬೇಡ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ವಸಡಿನಿಂದ ಅಥವಾ ಮೂಗಿನಿಂದ ರಕ್ತ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ, ಮಗು ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲೆಂದು ಕಾಯದೆ ಜಿಲ್ಲಾಸ್ಪತ್ರೆಗೆ ಹೊರಡಿ.