ಪಂಕ್ತಿಯಲ್ಲಿ ಲ್ಯಾಪ್‌ಟಾಪ್

ಹಾಸನದ ಛತ್ರದಲ್ಲಿ ಮೂರನೇ ಪಂಕ್ತಿ. ಗಿರೀಶ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡೇ ಎಲೆ ಮುಂದೆ ಕೂತ.

"ರೂಮಲ್ಲಿ ಇಟ್ಟು ಬರೋಕೆ ಏನಾಗಿತ್ತೋ? ಮದುಮಗಳ ಒಡವೇನೇ ಯಾರೂ ಹಿಂಗೆ ಕಾಯ್ತಿಲ್ಲ" ಅಂದಳು ವಿದ್ಯಾ. ಅವಳು ಟೆಸ್ಟರ್. ವಾರವಿಡೀ ಸಂಬಳಕ್ಕೆ ತಪ್ಪು ಹುಡುಕ್ತಾಳೆ, ಭಾನುವಾರ ಪುಕ್ಕಟೆ.

"ನಾನಿಲ್ಲದೆ ನಮ್ಮ ಬಿಲ್ಲಿಂಗ್ ಮಾಡ್ಯೂಲ್ ಒಂದು ದಿನ ಓಡಲ್ಲ ಕಣೇ. ಒಳ್ಳೆ ಪ್ರೋಗ್ರಾಮರ್ ಅಂದ್ರೆ ಹಂಗಿರಬೇಕು."

"ಅಂದ್ರೆ ಇಡೀ ಟೀಮನ್ನ ಒತ್ತೆ ಇಟ್ಕೊಂಡಿದೀಯ ಅನ್ನು" ಅಂದ ಮಂಜ, ಕೋಸಂಬರಿ ಬಾಯಿಗೆ ಹಾಕ್ಕೊಂಡು.

ಮಂಜನಿಗೆ ಅವನದೇ ಗೋಳು. ಒಬ್ಬ ಒಳ್ಳೆ ಪ್ರೋಗ್ರಾಮರಿಗಾಗಿ ತಿಂಗಳುಗಟ್ಟಲೆ ಇಂಟರ್‌ವ್ಯೂ ಮಾಡ್ತಿದಾನೆ. "ಬಂದೋರೆಲ್ಲ ಬೋರ್ಡ್ ಮೇಲೆ ಬೈನರಿ ಟ್ರೀ, ಅದೇ ಡೇಟಾನ ಕೊಂಬೆ ಕೊಂಬೆಯಾಗಿ ಜೋಡಿಸೋ ಮರ, ತಿರುಗಿಸಿ ತೋರಿಸ್ತಾರೆ ಮಾರಾಯ. ನಮ್ಮ ಕೋಡಲ್ಲಿ ಮರಾನೂ ಇಲ್ಲ, ಗಿಡಾನೂ ಇಲ್ಲ. ತಾರೀಕು ಬರೆಯೋದ್ರಲ್ಲಿ ಒಂದು ಫೈಲಲ್ಲಿ ದಿನ ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು, ಅಷ್ಟೇ ನಮ್ಮ ರಾಮಾಯಣ. 'ಗೊತ್ತಿಲ್ಲದ್ದು ಎದುರಾದ್ರೆ ಏನ್ಮಾಡ್ತೀರಿ' ಅಂತ ಒಬ್ಬನನ್ನ ಕೇಳಿದೆ. 'ಅಂಥದ್ದು ಯಾವ್ದು ಸರ್' ಅಂದ!"

"ಹಂಗಾದ್ರೆ ಒಟ್ಟಿಗೆ ಹತ್ತು ಜನರನ್ನ ತಗೋ" ಅಂದೆ ನಾನು.

"ತಗೊಂಡು? ಐಬಿಎಂನಲ್ಲಿ ಆಪರೇಟಿಂಗ್ ಸಿಸ್ಟಂ ಮಾಡಿಸಿ ಪಾಠ ಕಲಿತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದಾನೆ, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದ್ರೆ ಇನ್ನೂ ತಡ ಆಗುತ್ತೆ ಅಂತ. ಹೊಸಬರಿಗೆ ಹೇಳಿಕೊಡ್ತಾ ಹಳಬರ ಕೆಲಸಾನೂ ನಿಲ್ಲುತ್ತೆ."

"ಅದಕ್ಕೇ ಜಾಣ ಒಬ್ಬನೇ ಸಾಕು ಅನ್ನೋದು" ಗಿರೀಶ ಎದೆಯುಬ್ಬಿಸಿದ.

ವಿದ್ಯಾ ಬಿಡ್ತಾಳಾ? "ನೈಟ್ ಕ್ಯಾಪಿಟಲ್ ಕತೆ ಗೊತ್ತಾ? ಅಮೆರಿಕದ ಷೇರು ಕಂಪನಿ, 2012ರ ಆಗಸ್ಟ್ 1. ಎಂಟು ಸರ್ವರಿಗೆ ಹೊಸ ಕೋಡ್ ಹಾಕಬೇಕಿತ್ತು, ಒಂದಕ್ಕೆ ಹಾಕೋದು ಬಿಟ್ಟುಹೋಯ್ತು. 2003ರಿಂದ ಯಾರೂ ಬಳಸದೆ, ಯಾರೂ ಅಳಿಸದೆ ಬಿದ್ದಿದ್ದ ಹಳೇ ಕೋಡ್ ಅದರಲ್ಲಿ ಎದ್ದು ಕೂತು ವ್ಯಾಪಾರಕ್ಕಿಳೀತು. ಮುಕ್ಕಾಲು ಗಂಟೇಲಿ 40 ಕೋಟಿ ಡಾಲರಿಗೂ ಮೇಲೆ ನಷ್ಟ."

"ಹಾಕಿದವನು ದಡ್ಡ."

"ಎಂಥ ಜಾಣನಿಗೂ ಒಂದಿನ ಮರೆಯುತ್ತೆ ಕಣೋ. ಇನ್ನೊಬ್ಬರು ನೋಡಬೇಕು ಅನ್ನೋ ಪದ್ಧತಿಯೇ ಅಲ್ಲಿರಲಿಲ್ಲ. ಮಾರುಕಟ್ಟೆ ತೆರೆಯೋ ಮುಂಚೆ ಸಿಸ್ಟಂ ತಾನೇ 97 ಮೇಲ್ ಕಳಿಸಿತ್ತು. ಯಾರೂ ಕ್ಯಾರೇ ಅನ್ನಲಿಲ್ಲ."

"ಬೇರೆ ಫೋಲ್ಡರಿಗೆ ಹೋಗೋ ಹಂಗೆ ರೂಲ್ ಹಾಕಿರ್ತಾರೆ" ಅಂದ ಗಿರೀಶ, ಅನುಭವಸ್ಥನ ಗತ್ತಿನಲ್ಲಿ.

ನನ್ನ ಲೆಕ್ಕಾನೂ ಇಟ್ಟೆ: "ಯಾರು ರಜಾ ಹಾಕಿದ್ರೆ ಟೀಮಿಗೆ ಗೊತ್ತೇ ಆಗಲ್ವೋ ಅವನು ಒಳ್ಳೆ ಪ್ರೋಗ್ರಾಮರ್."

"ನಮ್ಮಲ್ಲೊಬ್ಬ ಇದಾನೆ" ಅಂದ ಮಂಜ. "ಬಂದ್ರೂ ಗೊತ್ತಾಗಲ್ಲ."

ಹೋಳಿಗೆ ಬಂತು, ತುಪ್ಪ ಬಿತ್ತು, ಗಿರೀಶನ ಫೋನು ಹೊಡ್ಕೊಂಡಿತು. "ಬಿಲ್ಲಿಂಗ್ ಬಿತ್ತು! ಹೇಳಿರಲಿಲ್ವಾ?" ಮುಖದಲ್ಲಿ ಮದುಮಗನಿಗಿಂತ ಹೆಚ್ಚು ಕಳೆ. ಲ್ಯಾಪ್‌ಟಾಪನ್ನ ತೊಡೆ ಮೇಲಿಟ್ಟು ಎಡಗೈಯಲ್ಲೇ ಕುಟ್ಟತೊಡಗಿದ. ವಿದ್ಯಾ ಇಣುಕಿದಳು. ಅವನು ಸೇರಿಸಿದ ಬದಲಾವಣೆಗಳ ಪಟ್ಟಿ: "ಫಿಕ್ಸ್", "ಮತ್ತೆ ಫಿಕ್ಸ್", "ಈ ಸಲ ನಿಜವಾಗ್ಲೂ ಫಿಕ್ಸ್". ಫೈಲ್ ತೆಗೆದ್ರೆ ನೆತ್ತಿ ಮೇಲೇ ಕಾಮೆಂಟ್: "ಇಲ್ಲಿ ಕೈ ಹಾಕಬೇಡಿ. ಗಿರೀಶನನ್ನು ಕೇಳಿ."

"ಗಿರೀಶನಿಗಾದ್ರೂ ಗೊತ್ತಾ?" ಅಂದಳು.

ಅವನು ಸಾಲು ಮೇಲೆ ಸಾಲು ಉರುಳಿಸ್ತಾನೇ ಇದ್ದ. ಹೋಳಿಗೆಯವರು ಎರಡು ಸಲ ಬಂದು ಹೋದರು. ಅಷ್ಟರಲ್ಲಿ ಮತ್ತೆ ಫೋನು. "ಹೂಂ... ಹೂಂ... ಯಾರು? ಅವಳಾ?"

"ಏನಾಯ್ತೋ?"

"ಸರಿಹೋಯ್ತಂತೆ." ಮನೆಯವರಿಗೇ ಏನೋ ಆದಂಥ ದನಿ. "ಹೊಸದಾಗಿ ಸೇರಿದ ಹುಡುಗಿ ಲಾಗ್, ಅದೇ ಸಿಸ್ಟಂ ತಾನೇ ಬರೆದಿಡೋ ದಿನಚರಿ, ಓದಿ ಪತ್ತೆ ಹಚ್ಚಿದಾಳೆ. ನಾನು ಬರೆದ ಇನ್ನೂರು ಸಾಲು ಕಿತ್ತು ಹನ್ನೆರಡು ಸಾಲು ಹಾಕಿದಾಳೆ."

"ಅಲ್ಲಿ ಕೈ ಹಾಕಬೇಡಿ ಅಂತ ಇತ್ತಲ್ಲ?"

"ಆ ಕಾಮೆಂಟನ್ನೂ ಕಿತ್ತಳಂತೆ."

"ಟೆಸ್ಟ್ ಬರೆದ್ಳಾ?" ವಿದ್ಯಾ ಕೇಳಿದಳು.

"ಬರೆದು, ಇನ್ನೊಬ್ಬರಿಗೆ ತೋರಿಸಿ, ಆಮೇಲೆ ಹಾಕಿದಳಂತೆ."

ಮಂಜ ಎಂಜಲು ಕೈ ತೊಳೆಯೋಕೂ ಏಳಲಿಲ್ಲ. ಎಡಗೈಯಲ್ಲಿ ಫೋನು ತೆಗೆದು ಹತ್ತಿರ ಸರಿದ. "ಲೋ ಗಿರೀಶ, ನಿಮ್ಮಲ್ಲಿ ನೋಟಿಸ್ ಪೀರಿಯಡ್ ಎಷ್ಟೋ?"