ಪದಚರ್ಚೆ: ‘ಅಪರಾಧಿ ಮನಸ್ಸು’ ಸರಿಯೇ? ಮೋಟಿವ್, ಇಂಟೆನ್ಶನ್, ಸೈಕೋಪಾತ್‌ಗೆ ಏನು ಹೇಳೋಣ?

ಗೆಳೆಯರಿಗೆ ನಮಸ್ಕಾರ.

ನನ್ನ ತಂಗಿಯ ಮಗಳು ಧಾರವಾಡದಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದಾಳೆ. ‘ಕ್ರಿಮಿನಲ್ ಮೈಂಡ್’ ಬಗ್ಗೆ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಕನ್ನಡದಲ್ಲೇ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನನಗದು ತುಂಬಾ ಖುಷಿಯ ವಿಷಯ. ಕರಡು ಕಳಿಸಿದ್ದಾಳೆ. ವಿಷಯವನ್ನು ಚೆನ್ನಾಗಿ ಓದಿಕೊಂಡಿದ್ದಾಳೆ, ತೊಡಕು ಇರುವುದು ಕೆಲವು ಪದಗಳಲ್ಲಿ ಮಾತ್ರ. ಕೋರ್ಟು, ಆಸ್ಪತ್ರೆ, ಪತ್ರಿಕೆ ಕಡೆಯವರು ಇಲ್ಲಿ ಇದ್ದೀರಿ. ನಿಮ್ಮ ಅಭಿಪ್ರಾಯ ಬೇಕು.

ಮೊದಲು ತಲೆಬರಹ. ಅವಳು ಇಟ್ಟಿರುವುದು ‘ಅಪರಾಧಿ ಮನಸ್ಸು: ಒಂದು ಅಧ್ಯಯನ’. ಕನ್ನಡದಲ್ಲಿ ‘ಅಪರಾಧಿ ಪ್ರಜ್ಞೆ’ ಎಂಬ ಮಾತು ಆಗಲೇ ಬೇರು ಬಿಟ್ಟಿದೆ. ಕೊನೆಗಾಲದಲ್ಲಿ ಅಮ್ಮನ ಹತ್ತಿರ ಇರಲಿಲ್ಲವಲ್ಲ ಎಂದು ಮಗ ಕೊರಗಿದರೆ ಅದು ಅಪರಾಧಿ ಪ್ರಜ್ಞೆ. ಅದನ್ನು ಕೇಳಿ ಅಭ್ಯಾಸವಾದ ಕಿವಿಗೆ ‘ಅಪರಾಧಿ ಮನಸ್ಸು’ ಎಂದರೆ ತಪ್ಪು ಮಾಡಿ ಒಳಗೊಳಗೇ ಬೇಯುವ ಮನಸ್ಸು. ಆದರೆ ಪ್ರಬಂಧದ ದೊಡ್ಡ ಭಾಗ ಇರುವುದು ತಪ್ಪು ಮಾಡಿಯೂ ಏನೂ ಅನಿಸದವರ ಬಗ್ಗೆ. ‘ಅಪರಾಧಿಯ ಮನಸ್ಸು’ ಎಂದು ಬಿಡಿಸಿ ಬರೆದರೆ ಈ ಗೊಂದಲ ಹೋಗುತ್ತದೆ, ಇನ್ನೊಂದು ಹುಟ್ಟುತ್ತದೆ. ಕೋರ್ಟು ತೀರ್ಪು ಕೊಟ್ಟ ಮೇಲೆ ತಾನೇ ಒಬ್ಬ ಅಪರಾಧಿ ಆಗುವುದು? ಅಲ್ಲಿಯವರೆಗೆ ಆರೋಪಿ. ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ಜನ ವಿಚಾರಣಾಧೀನ ಕೈದಿಗಳು. ಜೈಲಿನ ಸಮೀಕ್ಷೆಗಳನ್ನು ಓದಿ ಅವರನ್ನೆಲ್ಲ ಒಟ್ಟಿಗೆ ‘ಅಪರಾಧಿಗಳು’ ಎಂದರೆ ಅದು ತಪ್ಪು ಮಾತ್ರ ಅಲ್ಲ, ಅನ್ಯಾಯ. ಶಿಕ್ಷೆ ಆದವರಿಗೆ ಜೈಲಿನವರೇ ಬಳಸುವ ‘ಸಜಾಬಂದಿ’ ಎಂಬ ಒಳ್ಳೆಯ ಮಾತಿದೆ. ಅದನ್ನು ಧೈರ್ಯವಾಗಿ ಬಳಸಲಿ. ತಲೆಬರಹಕ್ಕೆ ನನ್ನ ಓಟು ‘ಅಪರಾಧದ ಹಿಂದಿನ ಮನಸ್ಸು’ ಎಂಬುದಕ್ಕೆ. ಇದು ಕೆಲಸವನ್ನು ಹಿಡಿದು ಮಾತಾಡುತ್ತದೆ, ಮನುಷ್ಯನ ಮೇಲೆ ಮುದ್ರೆ ಒತ್ತುವುದಿಲ್ಲ.

ಮುದ್ರೆ ಒತ್ತುವುದು ಎಂದೆ. ಅದು ಸುಮ್ನೆ ಆಡಿದ ಮಾತಲ್ಲ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ತಲೆಬುರುಡೆ ದವಡೆ ನೋಡಿ ಅವರನ್ನು ಗುರುತಿಸಬಹುದು ಎಂದು ಬರೆದ. ಆ ವಾದ ವಿಜ್ಞಾನದಲ್ಲಿ ನಿಲ್ಲಲಿಲ್ಲ. ಆದರೆ ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ನಮ್ಮಲ್ಲಿ ಇಡೀ ಇಡೀ ಸಮುದಾಯಗಳನ್ನು ‘ಕ್ರಿಮಿನಲ್ ಟ್ರೈಬ್ಸ್’ ಎಂದು ಕಾಯ್ದೆ ಮಾಡಿಯಾಗಿತ್ತು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. ಆ ಹೆಸರು ಬಂದದ್ದು ಈ ಕಾಯ್ದೆಯಿಂದಲೇ. ಬೇಲಿಯೊಳಗೆ ವಾಸ, ಹಾಜರಿ ಕೊಡಬೇಕು, ಹೊರಗೆ ಹೋಗಲು ಅಪ್ಪಣೆ ಬೇಕು. ಅಲ್ಲಿ ಹುಟ್ಟಿದ ಮಗುವಿಗೂ ಅದೇ ಹೆಸರು ಅಂಟಿಕೊಳ್ಳುತ್ತಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಆ ಜನರನ್ನು ‘ವಿಮುಕ್ತ’ರು ಎಂದು ಕರೆದರು. ಧಾರವಾಡದಲ್ಲಿ ಕೂತು ಬರೆಯುವ ಹುಡುಗಿಗೆ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್ ದೂರ. ಅವಳ ಕರಡಿನಲ್ಲಿ ‘ಅಪರಾಧಿ ಬುಡಕಟ್ಟುಗಳು’ ಎಂದು ಎರಡು ಕಡೆ ಬರೀ ಅನುವಾದವಾಗಿ ಬಂದಿದೆ. ‘ಬ್ರಿಟಿಷರು ಅಪರಾಧಿಗಳೆಂದು ಹೆಸರಿಟ್ಟ ಸಮುದಾಯಗಳು’ ಎಂದು ಬರೆಯಲು ಹೇಳಿದ್ದೇನೆ. ಉದ್ದವಾದರೂ ಪರವಾಗಿಲ್ಲ, ಅಲ್ವಾ?

ಈಗ ನಿಜವಾದ ಕಗ್ಗಂಟಿಗೆ ಬರುತ್ತೇನೆ. ಮೋಟಿವ್ ಮತ್ತು ಇಂಟೆನ್ಶನ್, ಎರಡಕ್ಕೂ ಅವಳು ‘ಉದ್ದೇಶ’ ಎಂದೇ ಬರೆದಿದ್ದಾಳೆ. ಪತ್ರಿಕೆಗಳಲ್ಲೂ ಹಾಗೇ ಬರುತ್ತದೆ. ಕಾನೂನಿಗೆ ಇವೆರಡೂ ಬೇರೆ ಬೇರೆ. ಸಾಕ್ಷ್ಯದ ಕಾನೂನಿನಲ್ಲಿ ಒಂದು ಉದಾಹರಣೆ ಇದೆ. ‘ಎ’ ಎಂಬವನು ‘ಬಿ’ಯನ್ನು ಕೊಂದ ಆರೋಪ ಎದುರಿಸುತ್ತಿದ್ದಾನೆ. ‘ಎ’ ಈ ಹಿಂದೆ ‘ಸಿ’ಯನ್ನು ಕೊಂದಿದ್ದ. ಅದು ‘ಬಿ’ಗೆ ಗೊತ್ತಿತ್ತು. ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ಹೆದರಿಸಿ ‘ಬಿ’ ಹಣ ಕೀಳಲು ನೋಡಿದ್ದ. ಈ ಬೆದರಿಕೆ ಮೋಟಿವ್. ಯಾಕೆ ಕೊಂದ ಎಂಬುದಕ್ಕೆ ಉತ್ತರ. ಕೊಲ್ಲಬೇಕೆಂದೇ ಹೊಡೆದನಾ ಎಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರ ಇಂಟೆನ್ಶನ್.

“ಮಾಮಾ, ಎರಡಕ್ಕೂ ಒಂದ ಶಬ್ದ ಹಾಕಿದ್ರ ಗೈಡ್ ಬಿಡಂಗಿಲ್ಲ” ಅಂತಾಳೆ ಅವಳು. ಸರಿಯಾಗೇ ಹೇಳಿದಳು. ನನಗೆ ತೋಚಿದ್ದು ಹೀಗೆ: ಮೋಟಿವ್‌ಗೆ ‘ಕಾರಣ’ ಅಥವಾ ‘ಹೇತು’. ಇಂಟೆನ್ಶನ್‌ಗೆ ‘ಇರಾದೆ’. ಕೊಲ್ಲುವ ಇರಾದೆ ಇತ್ತು, ಇರಲಿಲ್ಲ ಎಂದರೆ ಉತ್ತರ ಕರ್ನಾಟಕದಲ್ಲಿ ಎಂಥವರಿಗೂ ಅರ್ಥವಾಗುತ್ತದೆ. ಮೈಸೂರು ಕಡೆಯವರಿಗೆ ಅಷ್ಟು ಬಳಕೆ ಇಲ್ಲವೇನೋ, ನೀವೇ ಹೇಳಬೇಕು. ಉದ್ದೇಶ ಎಂಬ ಪದವನ್ನು ಪ್ರಬಂಧದಲ್ಲಿ ಒಂದೇ ಅರ್ಥಕ್ಕೆ ಕಟ್ಟಿಹಾಕಿದರೂ ಆದೀತು. ಆದರೆ ಓದುಗರು ಹಳೇ ಅಭ್ಯಾಸದಲ್ಲಿ ಎರಡನ್ನೂ ಬೆರೆಸಿಕೊಳ್ಳುತ್ತಾರೆ ಎಂಬ ಭಯ ನನಗೆ.

ಇದನ್ನೇ ಯೋಚಿಸುತ್ತಾ ಇರುವಾಗ ಒಂದು ವಿಷಯ ಹೊಳೆಯಿತು. ಮೆನ್ಸ್ ರಿಯಾ, ಅಂದರೆ ಕೃತ್ಯದ ಹೊತ್ತಿನಲ್ಲಿ ಮನಸ್ಸಿನಲ್ಲಿದ್ದ ಕೆಡುಕು, ಅದರ ಮೆಟ್ಟಿಲುಗಳಿಗೆ ನಮ್ಮ ಆಡುಮಾತಿನಲ್ಲೇ ಪದಗಳಿವೆ. ‘ಬೇಕಂತಲೇ’ ಮಾಡಿದ. ಹೀಗಾಗುತ್ತದೆ ಎಂದು ‘ಗೊತ್ತಿದ್ದೂ’ ಮಾಡಿದ. ಏನಾದರೂ ಆಗಲಿ ಎಂದು ‘ಲೆಕ್ಕಿಸದೆ’ ಮಾಡಿದ. ‘ಎಚ್ಚರ ವಹಿಸದೆ’ ಮಾಡಿದ. ಒಂದೇ ಸಾವು, ನಾಲ್ಕು ಮನಸ್ಸು. ಶಿಕ್ಷೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ ಹೇಳುವುದು 103ನೇ ಸೆಕ್ಷನ್, ಅಜಾಗರೂಕತೆಯ ಸಾವಿಗೆ 106. ಅಪಘಾತದ ಎಫ್‌ಐಆರ್‌ಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಮಾತು ಅಚ್ಚು ಹೊಡೆದಂತೆ ಬರುತ್ತದಲ್ಲ, ಅದರ ಬೇರು ಇಲ್ಲಿದೆ. ಹೀಗೆ ಕ್ರಿಯಾಪದದ ಹತ್ತಿರ ನಿಲ್ಲುವ ಪದಗಳು ಇರುವಾಗ ‘ಅಪರಾಧಿಕ ಮನಃಸ್ಥಿತಿಯ ಪ್ರಮಾಣಭೇದಗಳು’ ಎಂದು ಯಾಕೆ ಬರೆಯಬೇಕು?

ಮೂರನೆಯದು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ವಿಷಯ. 1843ರಲ್ಲಿ ಲಂಡನ್ನಿನಲ್ಲಿ ಮೆಕ್‌ನಾಟನ್ ಎಂಬವನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಕ್ಕಿ ಕೊಂದ. ಬುದ್ಧಿ ಕೆಟ್ಟಿತ್ತು ಎಂದು ಜ್ಯೂರಿ ಅವನನ್ನು ಬಿಟ್ಟಿತು. ದೊಡ್ಡ ಗದ್ದಲವಾಗಿ, ಕೊನೆಗೆ ನ್ಯಾಯಾಧೀಶರು ಒಂದು ಅಳತೆಗೋಲು ಹೇಳಿದರು. ನಮ್ಮ ಹಳೆಯ ದಂಡ ಸಂಹಿತೆ ಐಪಿಸಿಯ 84ನೇ ಸೆಕ್ಷನ್, ಈಗಿನ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಎರಡೂ ಅದೇ ಜಾಡಿನವು. ಆ ಕೆಲಸ ಮಾಡುವ ಹೊತ್ತಿನಲ್ಲಿ, ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿ ಇತ್ತೇ? ಕೋರ್ಟು ನೋಡುವುದು ಇದನ್ನು. ಕಾಯಿಲೆಯ ಚೀಟಿ ಇದ್ದ ಮಾತ್ರಕ್ಕೆ ಬಿಡುಗಡೆ ಇಲ್ಲ. ವೈದ್ಯರು ಹೇಳುವ ಕಾಯಿಲೆ ಬೇರೆ, ಕಾನೂನು ಒಪ್ಪುವ ಅಸ್ವಸ್ಥತೆ ಬೇರೆ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಹಾಗಾಗಿ ಎರಡು ಪದ ಬೇಕು. ವೈದ್ಯರದ್ದಕ್ಕೆ ‘ಮನೋರೋಗ’, ಕಾನೂನಿನದ್ದಕ್ಕೆ ‘ಚಿತ್ತದ ಅಸ್ವಸ್ಥತೆ’ ಎಂದರೆ ಹೇಗೆ? ‘ಬುದ್ಧಿಮಾಂದ್ಯ’ ಎಂದು ಕೆಲವರು ಬರೆಯುವುದಂತೂ ಪೂರ್ತಿ ತಪ್ಪು. ಅದು ಬೇರೆಯೇ ಸ್ಥಿತಿ.

ಕೊನೆಯದು ಸೈಕೋಪಾತ್. ನನಗೆ ಜಾಸ್ತಿ ಸಂಕಟ ಕೊಟ್ಟದ್ದು ಇದು. ಟಿವಿಯವರು ‘ಸೈಕೋ’ ಅನ್ನುತ್ತಾರೆ, ಪತ್ರಿಕೆಯವರು ‘ಮನೋರೋಗಿ’, ‘ವಿಕೃತಕಾಮಿ’ ಎಂದು ಸಿಕ್ಕಿದ್ದನ್ನು ಹಾಕುತ್ತಾರೆ. ಅಮೆರಿಕದ ಮನೋವೈದ್ಯ ಕ್ಲೆಕ್ಲಿ 1941ರಲ್ಲಿ ಬಿಡಿಸಿ ತೋರಿಸಿದ್ದೇ ಬೇರೆ: ಮಾತು ಚೆಂದ, ನಡತೆ ಮೇಲ್ನೋಟಕ್ಕೆ ಚೊಕ್ಕ, ಭ್ರಮೆ ಇಲ್ಲ, ಆದರೆ ನಾಚಿಕೆ ಪಶ್ಚಾತ್ತಾಪ ಒಂದೂ ಇಲ್ಲ. ಆಮೇಲೆ ಕೆನಡಾದ ರಾಬರ್ಟ್ ಹೇರ್ 20 ಲಕ್ಷಣಗಳ ಪಟ್ಟಿ ಮಾಡಿ, ಒಟ್ಟು 40 ಅಂಕಕ್ಕೆ ಅಳೆಯುವ ಕ್ರಮ ತಂದರು. ಇಂಥವನಿಗೆ ತಾನು ಮಾಡುತ್ತಿರುವುದು ತಪ್ಪು ಎಂದು ಚೆನ್ನಾಗಿ ಗೊತ್ತಿರುತ್ತದೆ. 22ನೇ ಸೆಕ್ಷನ್ನಿನ ರಕ್ಷಣೆ ಅವನಿಗೆ ಸಿಗುವುದಿಲ್ಲ. ಅವನನ್ನು ‘ಮನೋರೋಗಿ’ ಎಂದು ಕರೆದರೆ, ಸ್ಕಿಜೋಫ್ರೇನಿಯಾದ ಗುಳಿಗೆ ನುಂಗಿ ತಮ್ಮ ಪಾಡಿಗೆ ಬದುಕುತ್ತಿರುವ ಸಾವಿರಾರು ಜನರ ಮೇಲೆ ಕೊಲೆಗಾರನ ನೆರಳು ಬೀಳುತ್ತದೆ. ಅವರ ಮನೆಯವರ ಮುಖ ನೋಡಿದವರಿಗೆ ಆ ನೋವು ಗೊತ್ತು.

‘ನಾಚಿಕೆಗೇಡಿ’, ‘ಲಜ್ಜೆಗೇಡಿ’ ಎಂದು ನಾವು ಅನ್ನುವುದಿಲ್ಲವೇ? ಅದೇ ದಾರಿಯಲ್ಲಿ ‘ಅಳುಕುಗೇಡಿ’ ಎನ್ನಬಹುದೇ? ಕೆಟ್ಟದ್ದು ಮಾಡುವಾಗ ಮನುಷ್ಯನನ್ನು ಒಂದು ಗಳಿಗೆ ತಡೆಯುವುದು ಅಳುಕು. ಅದೇ ಇಲ್ಲದವನು ಅಳುಕುಗೇಡಿ. ಬೈಗುಳದ ವಾಸನೆ ಸ್ವಲ್ಪ ಇದೆ, ಒಪ್ಪುತ್ತೇನೆ. ಪ್ರಬಂಧದಲ್ಲಿ ‘ಸೈಕೋಪಾತ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಅಳುಕಿಲ್ಲದ ಮನಸ್ಸಿನವನು’ ಎಂದು ಬಿಡಿಸಿ ಹೇಳುವುದು ಸದ್ಯಕ್ಕೆ ಒಳ್ಳೆಯದು ಎಂದು ನನ್ನ ಅನಿಸಿಕೆ.

ಪತ್ರಿಕೆಯವರನ್ನು ಬರೀ ದೂರುವುದೂ ಸರಿಯಲ್ಲ. ಔಷಧಿ ಕೊಟ್ಟು ಮಂಪರಿನಲ್ಲಿ ಪ್ರಶ್ನೆ ಕೇಳುವ ನಾರ್ಕೊ ಅನಾಲಿಸಿಸ್‌ಗೆ ‘ಮಂಪರು ಪರೀಕ್ಷೆ’ ಎಂಬ ಪದ ಅವರಿಂದಲೇ ಬಳಕೆಗೆ ಬಂತು. ಎಷ್ಟು ಚೆನ್ನಾಗಿದೆ! ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಪರೀಕ್ಷೆಯ ಬಗ್ಗೆ ಬರೆದ ಅಧ್ಯಾಯದಲ್ಲಿ ಹುಡುಗಿಗೆ ಒಂದು ಪದಕ್ಕೂ ತಡಕಾಟ ಬಂದಿಲ್ಲ.

ಹಾಗಾದರೆ ನಾನು ಕೇಳುವುದು ಇಷ್ಟು. ‘ಇರಾದೆ’ ದಕ್ಷಿಣದ ಜಿಲ್ಲೆಗಳ ಕೋರ್ಟುಗಳಲ್ಲಿ ಓಡುತ್ತದೆಯೇ? ಕನ್ನಡದಲ್ಲಿ ತೀರ್ಪು ಬರೆಯುವವರು ಮೋಟಿವ್‌ಗೆ ಏನು ಬರೆಯುತ್ತೀರಿ? ಮನೋವೈದ್ಯರು ರೋಗಿಯ ಮನೆಯವರ ಹತ್ತಿರ ಕನ್ನಡದಲ್ಲಿ ಮಾತಾಡುವಾಗ ಸೈಕೋಸಿಸ್‌ಗೆ (ಭ್ರಮೆಗಳು ಕಾಡುವ ಕಾಯಿಲೆಗೆ), ಸೈಕೋಪಾತ್‌ಗೆ ಯಾವ ಪದ ಹೇಳುತ್ತೀರಿ? ಮುಂದಿನ ತಿಂಗಳು ಪ್ರಬಂಧ ಒಪ್ಪಿಸಬೇಕು. ಅಷ್ಟರೊಳಗೆ ಯಾರಾದರೂ ಬರೆದರೆ ಅವಳಿಗೆ ನೇರ ತೋರಿಸುತ್ತೇನೆ.